ಕಸುವಿಗೊಂದು ಲೆಕ್ಕ, ದಮ್ಮಿಗೊಂದು ಲೆಕ್ಕ

ಕಾರವಾರದಲ್ಲಿ, ಬೆಳಗಿನ ನಡಿಗೆಯ ಹಿರಿಯರೂ ಜಿಮ್‌ಗೆ ಹೋಗುವ ಯುವಕ ಯುವತಿಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಮಾತಿನಲ್ಲಿ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ; ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ವಾಕ್ಯಗಳಿಗೆ ಇಳಿಸಿದ್ದೇನೆ.

ಸಭಿಕರೇ,

ನಮ್ಮ ಶಿರಸಿ ಸೀಮೆಯಲ್ಲಿ ಅಡಿಕೆಯ ಫಸಲು ಗುತ್ತಿಗೆ ಹಿಡಿಯಲು ಬರುವವರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅಂದಾಜಿಗೂ ಊಹೆಗೂ ಇರುವ ಅಂತರ ಗೊತ್ತಿರುತ್ತದೆ. ಪಳಗಿದ ಗುತ್ತಿಗೆದಾರ ತೋಟದ ದಣಪೆಯ ಬಳಿ ನಿಂತು ಇಷ್ಟು ಕ್ವಿಂಟಲ್ ಎಂದು ಹೇಳಿಬಿಡುವುದಿಲ್ಲ. ಹಳೆಯ ಮರಗಳು ಬೇರೆ, ಹೊಸದಾಗಿ ಫಲಕ್ಕೆ ಬಂದವು ಬೇರೆ, ಹಳ್ಳದ ಅಂಚಿನವು ಬೇರೆ ಎಂದು ವಿಂಗಡಿಸಿಕೊಂಡು, ಒಂದೊಂದು ಗುಂಪಿನಲ್ಲಿ ನಾಲ್ಕಾರು ಮರಗಳ ಕೊನೆಗಳನ್ನು, ಅಂದರೆ ಅಡಿಕೆ ಗೊನೆಗಳನ್ನು, ಎಣಿಸಿ, ಗುಣಿಸಿ, ಕೊಳೆರೋಗಕ್ಕೆ ಉದುರಿದ್ದನ್ನು ಕಳೆದು, ಆಮೇಲೆ ಕೂಡಿಸುತ್ತಾನೆ. ಅವನ ಅಂಕಿಯೂ ತಪ್ಪಬಹುದು; ಆದರೆ ಎಲ್ಲಿ ತಪ್ಪಿತೆಂದು ಅವನಿಗೆ ಮುಂದಿನ ವರ್ಷ ತಿಳಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಈ ಕ್ರಮವನ್ನೇ ವ್ಯಾಯಾಮದ ಒಂದು ಗಂಟೆಗೆ ಅನ್ವಯಿಸುವುದು ಹೇಗೆ ಎಂಬುದನ್ನು. ಅರ್ಧ ಗಂಟೆ ಭಾರ ಎತ್ತಿ, ಕಾಲು ಗಂಟೆ ಓಡಿ, ಉಳಿದ ಹೊತ್ತು ನಡೆದವನ ದೇಹ ಎಷ್ಟು ಕ್ಯಾಲೊರಿ ಖರ್ಚು ಮಾಡಿತು, ಅದನ್ನು ಪುಸ್ತಕದಲ್ಲಿ ಹೇಗೆ ಬರೆದಿಡಬೇಕು ಎಂಬುದಷ್ಟೇ ವಿಷಯ.

ಈ ವಿಷಯಕ್ಕೆ ನಾನು ಬಂದದ್ದು ನನ್ನದೇ ಒಂದು ಮೂರ್ಖತನದ ಮೂಲಕ. ಕೆಲವು ವರ್ಷಗಳ ಹಿಂದೆ ಕೈಗಡಿಯಾರವೊಂದನ್ನು ಕೊಂಡೆ. ಬಲವರ್ಧನೆಯೂ ಓಟವೂ ಸೇರಿದ ನನ್ನ ಒಂದು ಗಂಟೆಗೆ ಅದು ದಿನವೂ ಆರುನೂರರ ಆಸುಪಾಸಿನ ಅಂಕಿ ತೋರಿಸುತ್ತಿತ್ತು. ಅಷ್ಟು ಖರ್ಚಾಗಿದೆಯಲ್ಲ ಎಂಬ ಧೈರ್ಯದಲ್ಲಿ ವ್ಯಾಯಾಮ ಮುಗಿಸಿ ಹೋಟೆಲಿಗೆ ಹೊಕ್ಕು ಎರಡು ಬನ್ಸ್, ಒಂದು ಚಹಾ ಎಂದು ರೂಢಿ ಮಾಡಿಕೊಂಡೆ. ಮೂರು ತಿಂಗಳಲ್ಲಿ ಎರಡು ಕಿಲೊ ಹೆಚ್ಚಾದೆ. ಗಡಿಯಾರ ಕೆಟ್ಟಿರಲಿಲ್ಲ, ನಾಡಿಯನ್ನು ಸರಿಯಾಗಿಯೇ ಎಣಿಸುತ್ತಿತ್ತು. ನಾಡಿಯಿಂದ ಕ್ಯಾಲೊರಿಗೆ ಹೋಗುವ ದಾರಿಯಲ್ಲಿ ಎಡವುತ್ತಿತ್ತು.

ಮೊದಲು ಅಳತೆಯ ಮಾತು. ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುವುದು ವಾಸ್ತವವಾಗಿ ಕಿಲೊಕ್ಯಾಲೊರಿ. ಒಂದು ಕಿಲೊ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖ. ಉಸಿರಾಟವೂ ಒಂದು ಬಗೆಯ ಉರಿಯುವಿಕೆಯೇ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ 1780ರ ದಶಕದಲ್ಲಿ ಮಂಜುಗಡ್ಡೆಯ ನಡುವೆ ಗಿನಿಯಿಲಿಯೊಂದನ್ನು ಕೂರಿಸಿ, ಕರಗಿದ ನೀರನ್ನು ಅಳೆದು ತೋರಿಸಿದ. ಅಲ್ಲಿಂದ ಇಂದಿನವರೆಗೂ ನಂಬಿಕೆಯ ಆಧಾರ ಆಮ್ಲಜನಕವೇ: ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಹೆಚ್ಚು ಕಡಿಮೆ 5 ಕ್ಯಾಲೊರಿ ಖರ್ಚಾಗಿದೆ ಎಂದು ಅರ್ಥ. ಮುಖಕ್ಕೆ ಮುಖವಾಡ ಕಟ್ಟಿ ಉಸಿರನ್ನು ಅಳೆಯುವ ಯಂತ್ರ ಪ್ರಯೋಗಾಲಯಗಳಲ್ಲಿದೆ. ನಮ್ಮ ನಿಮ್ಮ ಬಳಿ ಇಲ್ಲ. ಆದ್ದರಿಂದ ನಮ್ಮ ಕೈಗೆ ಸಿಗುವ ಎಲ್ಲ ಅಂಕಿಗಳೂ ಬೇರೆ ಏನನ್ನೋ ಅಳೆದು, ಅದರಿಂದ ಆಮ್ಲಜನಕವನ್ನು ಅಂದಾಜು ಮಾಡಿದವು. ಟ್ರೆಡ್‌ಮಿಲ್ ವೇಗವನ್ನು ಅಳೆಯುತ್ತದೆ, ಗಡಿಯಾರ ಎದೆಬಡಿತವನ್ನು ಅಳೆಯುತ್ತದೆ, ಮೊಬೈಲಿನ ಆ್ಯಪ್ ನೀವು ಹೇಳಿದ ನಿಮಿಷಗಳನ್ನು ನಂಬುತ್ತದೆ.

ಕಾಗದ ಪೆನ್ಸಿಲಿನಿಂದ ಲೆಕ್ಕ ಹಾಕುವವರಿಗೆ ಇರುವ ಒಳ್ಳೆಯ ಸಾಧನವೆಂದರೆ ಮೆಟ್ ಎಂಬ ಮಾನ. ಸುಮ್ಮನೆ ಕೂತ ದೇಹದ ಖರ್ಚು ಒಂದು ಮೆಟ್. ಕೆಲಸವೊಂದು ಅದರ ಎಷ್ಟು ಪಟ್ಟು ಎಂಬುದು ಆ ಕೆಲಸದ ಮೆಟ್. ಒಂದು ಮೆಟ್ ಎಂದರೆ ದೇಹತೂಕದ ಪ್ರತಿ ಕಿಲೊಗೆ ಗಂಟೆಗೊಂದು ಕ್ಯಾಲೊರಿ ಎಂದು ಹಿಡಿಯುವುದು ವಾಡಿಕೆ. ಅಮೆರಿಕದ ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಇಂಥ ಅಂಕಿಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದರು. ಅದು 2000, 2011 ಮತ್ತು 2024ರಲ್ಲಿ ಪರಿಷ್ಕೃತವಾಯಿತು. 2011ರ ಪಟ್ಟಿಯಲ್ಲಿ ಬೇರೆ ಬೇರೆ ಭಾರಗಳನ್ನು 8ರಿಂದ 15 ಬಾರಿ ಎತ್ತುವ ಸಾಮಾನ್ಯ ಬಲವರ್ಧನೆಗೆ 3.5, ಬಿರುಸಾಗಿ ಭಾರ ಎತ್ತುವುದಕ್ಕೆ 6, ಬಿಡುವಿಲ್ಲದೆ ಒಂದರ ಹಿಂದೊಂದು ಮಾಡುವ ಬಿರುಸಿನ ಸರ್ಕಿಟ್‌ಗೆ 8, ಗಂಟೆಗೆ 8 ಕಿಲೊಮೀಟರ್ ಓಟಕ್ಕೆ 8.3, ಸಮತಟ್ಟಿನಲ್ಲಿ ಗಂಟೆಗೆ 5 ಕಿಲೊಮೀಟರ್ ನಡಿಗೆಗೆ 3.5 ಎಂದಿದೆ. ಭಾರ ಎತ್ತುವುದಕ್ಕೂ ಚುರುಕಾದ ನಡಿಗೆಗೂ ಒಂದೇ ಅಂಕಿ ಎಂದಾಗ ಜಿಮ್‌ನ ಹುಡುಗರ ಮುಖ ಸಣ್ಣದಾಗುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ 70 ಕಿಲೊ ತೂಕದ ಒಬ್ಬನ ಒಂದು ಗಂಟೆಯನ್ನು ಬಿಡಿಸಿ ನೋಡೋಣ. ಮೊದಲ 10 ನಿಮಿಷ ಚುರುಕು ನಡಿಗೆ: 3.5ನ್ನು 70ರಿಂದ ಗುಣಿಸಿ, ಗಂಟೆಯ ಆರನೆಯ ಒಂದು ಪಾಲು ತೆಗೆದರೆ 41. ಮುಂದಿನ 30 ನಿಮಿಷ ಸ್ಕ್ವಾಟ್ (ಭಾರ ಹೊತ್ತ ಬಸ್ಕಿ), ಬೆಂಚ್ ಪ್ರೆಸ್, ರೋಯಿಂಗ್‌ನಂಥ ಭಾರದ ವ್ಯಾಯಾಮ, ನಡುನಡುವೆ ಎಂದಿನ ಬಿಡುವು: 123. ಆಮೇಲೆ 15 ನಿಮಿಷದಲ್ಲಿ 2 ಕಿಲೊಮೀಟರ್ ಓಟ: 145. ಕೊನೆಯ 5 ನಿಮಿಷ ನಿಧಾನದ ನಡಿಗೆ: 16. ಕೂಡಿದರೆ 325. ಇದೇ ಮನುಷ್ಯ ಇದೇ ಗಂಟೆಯನ್ನು ಆ್ಯಪ್‌ನಲ್ಲಿ ‘ಓಟ’ ಎಂಬ ಒಂದೇ ಹೆಸರಿನಲ್ಲಿ ದಾಖಲಿಸಿದರೆ 581 ಬರುತ್ತದೆ. ‘ಸರ್ಕಿಟ್’ ಎಂದರೆ 560. ‘ಭಾರ ಎತ್ತುವಿಕೆ’ ಎಂದರೆ 245. ಬೆವರು ಅದೇ, ಮನುಷ್ಯ ಅವನೇ, ಹೆಸರು ಮಾತ್ರ ಬೇರೆ. ಅಂಕಿ ದುಪ್ಪಟ್ಟಿಗೂ ಮೀರಿ ಏರುಪೇರಾಗುತ್ತದೆ. ಮಿಶ್ರ ವ್ಯಾಯಾಮಕ್ಕೆ ಒಂದೇ ಹೆಸರು ಕೊಟ್ಟು ಬರೆಯುವುದೇ ಈ ಲೆಕ್ಕದ ಮೊದಲ ಹಾಗೂ ಅತಿ ದೊಡ್ಡ ತಪ್ಪು.

ಆ 325ರಲ್ಲಿಯೂ ಒಂದು ಪಾಲು ವ್ಯಾಯಾಮದ್ದಲ್ಲ. ಆ ಗಂಟೆ ಆತ ಮನೆಯಲ್ಲಿ ಕೂತು ಪತ್ರಿಕೆ ಓದಿದ್ದರೂ 70 ಕ್ಯಾಲೊರಿ ಖರ್ಚಾಗುತ್ತಿತ್ತು. ಅದನ್ನು ಕಳೆದರೆ ವ್ಯಾಯಾಮದಿಂದ ಹೆಚ್ಚುವರಿಯಾಗಿ ಆದದ್ದು 255. ಮೊದಲನೆಯದನ್ನು ಒಟ್ಟು ಎಂದೂ ಎರಡನೆಯದನ್ನು ನಿವ್ವಳ ಎಂದೂ ಕರೆಯೋಣ. ಅಡಿಕೆ ತೂಗಿದ ಮೇಲೆ ಚೀಲದ ತೂಕ ಕಳೆಯುವಂತೆ ಇದು. ಕೆಲವು ಗಡಿಯಾರಗಳು ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ, ಕೆಲವು ಒಟ್ಟನ್ನು ಮಾತ್ರ ದೊಡ್ಡದಾಗಿ ಬರೆಯುತ್ತವೆ. ನಿಮ್ಮದು ಯಾವುದನ್ನು ತೋರಿಸುತ್ತದೆಂದು ಮನೆಗೆ ಹೋದೊಡನೆ ನೋಡಿಕೊಳ್ಳಿ.

ಕಳೆಯುವ ಅಂಕಿ ಎಲ್ಲರಿಗೂ ಒಂದೇ ಅಲ್ಲ. ಮೆಟ್‌ನ ಮೂಲ ಅಳತೆ ನಲವತ್ತು ವರ್ಷದ, 70 ಕಿಲೊ ತೂಕದ ಒಬ್ಬ ಗಂಡಸಿನದೆಂದು ಹೇಳುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 769 ಜನರನ್ನು ಅಳೆದಾಗ ವಿಶ್ರಾಂತಿಯ ಖರ್ಚು ಸರಾಸರಿಯಲ್ಲಿ ಕಿಲೊಗೆ ಗಂಟೆಗೆ 0.84 ಕ್ಯಾಲೊರಿ ಮಾತ್ರ ಇತ್ತು. ಆದ್ದರಿಂದ 1990ರಲ್ಲಿ ಬಂದ ಮಿಫ್ಲಿನ್ ಮತ್ತು ಸಂಗಡಿಗರ ಸೂತ್ರ ವಾಸಿ: ಕಿಲೊ ತೂಕವನ್ನು 10ರಿಂದಲೂ, ಸೆಂಟಿಮೀಟರ್ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟನ್ನು ಕಳೆದು, ಗಂಡಸರಾದರೆ 5 ಕೂಡಿಸಬೇಕು, ಹೆಂಗಸರಾದರೆ 161 ಕಳೆಯಬೇಕು. 60 ಕಿಲೊ ತೂಕದ, 155 ಸೆಂಟಿಮೀಟರ್ ಎತ್ತರದ, 45 ವರ್ಷದ ಗೃಹಿಣಿಗೆ ದಿನಕ್ಕೆ 1,183 ಬರುತ್ತದೆ, ಅಂದರೆ ಗಂಟೆಗೆ 49. ಅವರು ಕಳೆಯಬೇಕಾದದ್ದು 60 ಅಲ್ಲ, 49.

ಇನ್ನು ಹುಡುಗರ ಮುಖ ಸಣ್ಣದಾದ ವಿಷಯ. ಭಾರ ಎತ್ತುವುದು ಅಷ್ಟು ಕಷ್ಟವಾಗಿರುವಾಗ ಖರ್ಚು ಅಷ್ಟು ಕಡಿಮೆ ಏಕೆ? ಹೆಗಲ ಮೇಲೆ 60 ಕಿಲೊ ಬಾರ್ ಹೊತ್ತು ಬಸ್ಕಿ ಹೊಡೆಯುವವನನ್ನು ಹತ್ತಿರದಿಂದ ನೋಡಿ. ಪ್ರತಿ ಸಲ ಏಳುವಾಗ ಆತ ಬಾರನ್ನೂ ತನ್ನ ದೇಹದ ಸುಮಾರು 60 ಕಿಲೊ ಪಾಲನ್ನೂ ಅರ್ಧ ಮೀಟರ್ ಮೇಲಕ್ಕೆ ಎತ್ತುತ್ತಾನೆ. ಭೌತಶಾಸ್ತ್ರದ ಲೆಕ್ಕದಲ್ಲಿ ಅದು 590 ಜೂಲ್‌ನಷ್ಟು ಕೆಲಸ. ಹತ್ತರಂತೆ ನಾಲ್ಕು ಸೆಟ್, ಅಂದರೆ 40 ಬಾರಿ ಎದ್ದರೆ ಒಟ್ಟು ಐದೂವರೆ ಕ್ಯಾಲೊರಿ ಚಿಲ್ಲರೆ. ಸ್ನಾಯುಗಳು ಬಳಸಿದ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಮಾತ್ರ ಕೆಲಸವಾಗಿ ಹೊರಬರುತ್ತದೆ, ಉಳಿದದ್ದು ಶಾಖವಾಗುತ್ತದೆ ಎಂದು ಹಿಡಿದರೆ ಖರ್ಚು 28 ಕ್ಯಾಲೊರಿ. ಇಳಿಯುವಾಗ ತಡೆದು ಇಳಿಯುವ ಖರ್ಚನ್ನೂ ಸೇರಿಸಿದರೆ ನಲವತ್ತಕ್ಕಿಂತ ಕೆಳಗೆ ಉಳಿಯುತ್ತದೆ. ಮರುದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯಿಸಿದ ನಾಲ್ಕು ಸೆಟ್‌ಗಳು ಒಂದು ಇಡ್ಲಿಯನ್ನು ಕೂಡ ಪೂರ್ತಿ ಕರಗಿಸುವುದಿಲ್ಲ. ಏಕೆಂದರೆ ಆ ನಾಲ್ಕು ಸೆಟ್‌ಗಳಲ್ಲಿ ಬಾರ್ ಹೆಗಲ ಮೇಲಿದ್ದದ್ದು ಎರಡು ಮೂರು ನಿಮಿಷ ಮಾತ್ರ. ಕಷ್ಟ ಬೇರೆ, ಖರ್ಚು ಬೇರೆ. ಭಾರ ಎತ್ತುವುದರ ಲಾಭ ಸ್ನಾಯುವಿನಲ್ಲಿ, ಮೂಳೆಯಲ್ಲಿ, ಮುಪ್ಪಿನಲ್ಲಿ ಯಾರ ಆಸರೆಯೂ ಇಲ್ಲದೆ ಕುರ್ಚಿಯಿಂದ ಏಳುವುದರಲ್ಲಿ ಕಾಣುತ್ತದೆ. ಅದನ್ನು ಕ್ಯಾಲೊರಿಯ ತಕ್ಕಡಿಯಲ್ಲಿ ತೂಗುವುದೇ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಈ ಭೌತಶಾಸ್ತ್ರದ ಲೆಕ್ಕಕ್ಕೂ ಒಂದು ಮಿತಿಯಿದೆ, ಅದನ್ನು ಅಡಿಕೆ ಮರದ ಮೇಲೆ ನೋಡಬಹುದು. 60 ಕಿಲೊ ತೂಕದ ಕೊನೆಕಾರ 15 ಮೀಟರ್ ಎತ್ತರದ ಮರ ಹತ್ತಿದರೆ, ಮೇಲಿನ ಕ್ರಮದಲ್ಲಿಯೇ ಲೆಕ್ಕ ಹಾಕಿದಾಗ, ಹತ್ತೂವರೆ ಕ್ಯಾಲೊರಿ ಖರ್ಚಾಗುತ್ತದೆ. ತುದಿಯಲ್ಲಿ ಆತ ಮರವನ್ನು ತಬ್ಬಿ, ತೊಡೆಯಲ್ಲಿ ಅದುಮಿ, ಒಂದು ಕೈಯಲ್ಲಿ ಕೊನೆ ಕೊಯ್ಯುವಾಗ ಆತನ ದೇಹ ಒಂದಿಂಚೂ ಮೇಲೇರುವುದಿಲ್ಲ; ಸೂತ್ರದ ಪ್ರಕಾರ ಕೆಲಸ ಸೊನ್ನೆ. ಆದರೆ ಬಿಗಿಹಿಡಿದ ಸ್ನಾಯು ನಿಂತಲ್ಲೇ ಶಕ್ತಿ ತಿನ್ನುತ್ತಲೇ ಇರುತ್ತದೆ. ಆಮೇಲೆ ಆತ ಕೆಳಗಿಳಿಯದೆಯೇ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ, ಹತ್ತುವ ಖರ್ಚನ್ನೇ ಉಳಿಸುತ್ತಾನೆ. ಕಸುವೂ ದಮ್ಮೂ ಹೀಗೆ ಒಂದರೊಳಗೊಂದು ಹೆಣೆದುಕೊಂಡ ಕೆಲಸಕ್ಕೆ ಎತ್ತಿದ ಭಾರದ ಲೆಕ್ಕವೂ ಸಾಲದು, ದೂರದ ಲೆಕ್ಕವೂ ಸಾಲದು. ನಿಮಿಷಗಳ ಲೆಕ್ಕವೊಂದೇ ಉಳಿಯುವುದು. ದೇಹವನ್ನು ಹಲಗೆಯಂತೆ ಬಿಗಿಹಿಡಿದು ನಿಲ್ಲಿಸುವ ಜಿಮ್‌ನ ಪ್ಲ್ಯಾಂಕ್‌ಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಎದೆಬಡಿತದ ಲೆಕ್ಕ? ಒಂದೇ ಹದದಲ್ಲಿ ಓಡುವವನ, ಸೈಕಲ್ ತುಳಿಯುವವನ ಎದೆಬಡಿತಕ್ಕೂ ಆಮ್ಲಜನಕಕ್ಕೂ ಒಳ್ಳೆಯ ನಂಟಿದೆ. ಭಾರ ಎತ್ತುವಾಗ ಆ ನಂಟು ಸಡಿಲವಾಗುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಹಿಂಡುತ್ತದೆ, ನಾವು ಅರಿವಿಲ್ಲದೆ ಉಸಿರು ಕಟ್ಟುತ್ತೇವೆ, ರಕ್ತದ ಒತ್ತಡ ಏರುತ್ತದೆ. ಹೃದಯ ವೇಗವಾಗಿ ಬಡಿದುಕೊಂಡರೂ ಆಮ್ಲಜನಕದ ಬಳಕೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ದಕ್ಷಿಣ ಆಫ್ರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ, ಓಟ ಮತ್ತು ಸೈಕಲ್ ಸವಾರಿಯ ಅಳತೆಗಳಿಂದ ಕಟ್ಟಿದ ಸೂತ್ರವೊಂದಿದೆ. ನಮ್ಮ 70 ಕಿಲೊ ಮನುಷ್ಯ, ವಯಸ್ಸು 40, ಬಲವರ್ಧನೆಯ ಅರ್ಧ ಗಂಟೆಯಲ್ಲಿ ಸರಾಸರಿ ಎದೆಬಡಿತ 120 ಎಂದು ಅದಕ್ಕೆ ಕೊಟ್ಟರೆ ನಿಮಿಷಕ್ಕೆ 10.2, ಅಂದರೆ ಅರ್ಧ ಗಂಟೆಗೆ 305 ಕ್ಯಾಲೊರಿ ಎನ್ನುತ್ತದೆ. ಮೆಟ್ ಪಟ್ಟಿ ಹೇಳಿದ್ದು 123. ಸೂತ್ರ ತಪ್ಪಲ್ಲ, ಓಟಕ್ಕೆ ಹೊಲಿದ ಅಂಗಿಯನ್ನು ಭಾರ ಎತ್ತುವವನಿಗೆ ತೊಡಿಸಿದ್ದು ತಪ್ಪು. ಗಡಿಯಾರದ ಕಂಪನಿಗಳು ತಮ್ಮ ತಮ್ಮ ಸೂತ್ರವನ್ನು ಹೊರಗೆ ಹೇಳುವುದಿಲ್ಲವಾದರೂ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಕೈಪಟ್ಟಿಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದಾಗ, ಎದೆಬಡಿತವನ್ನು ಏಳರಲ್ಲಿ ಆರು ಶೇಕಡಾ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವಾದದ್ದೇ ಸರಾಸರಿ ಶೇಕಡಾ 27ರಷ್ಟು, ಅತಿ ಕಳಪೆಯದು ಶೇಕಡಾ 93ರಷ್ಟು ತಪ್ಪಿತ್ತು. ಆ ಪರೀಕ್ಷೆಯಲ್ಲಿ ಇದ್ದದ್ದು ನಡಿಗೆ, ಓಟ, ಸೈಕಲ್ಲಿನಂಥ ಸರಳ ಕೆಲಸಗಳು.

ಕರಾವಳಿಯವರಾದ ನಿಮಗೆ ಇನ್ನೊಂದು ತೊಡಕಿದೆ. ನಾನು ಕೆಲಸದ ನಿಮಿತ್ತ ಕೆಲಕಾಲ ಕಾರವಾರದಲ್ಲಿದ್ದೆ. ಡಿಸೆಂಬರಿನ ಚಳಿಯಲ್ಲಿ ಶಿರಸಿಯಲ್ಲಿ 40 ನಿಮಿಷ ಓಡಿದಾಗ ನನ್ನ ಸರಾಸರಿ ಎದೆಬಡಿತ 138 ಇತ್ತು. ಅದೇ ವೇಗದಲ್ಲಿ, ಅಷ್ಟೇ ಹೊತ್ತು, ಮೇ ತಿಂಗಳಲ್ಲಿ ಇಲ್ಲಿ ಓಡಿದಾಗ 150. ಗಾಳಿಯಲ್ಲಿ ತೇವ ತುಂಬಿ ಬೆವರು ಆರದಿದ್ದಾಗ ದೇಹ ತಂಪಾಗಲೆಂದು ಹೆಚ್ಚು ರಕ್ತವನ್ನು ಚರ್ಮದತ್ತ ಕಳುಹಿಸುತ್ತದೆ. ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ತಗ್ಗುತ್ತದೆ. ಆ ಕೊರತೆಯನ್ನು ಹೃದಯ ಹೆಚ್ಚು ಬಡಿದು ತುಂಬುತ್ತದೆ. ಕಾಲುಗಳು ಮಾಡಿದ ಕೆಲಸ ಮಾತ್ರ ಅಷ್ಟೇ. ಆ ಹನ್ನೆರಡು ಬಡಿತಗಳಿಗೆ ಮೇಲೆ ಹೇಳಿದ ಸೂತ್ರ 40 ನಿಮಿಷದಲ್ಲಿ 72 ಕ್ಯಾಲೊರಿ ಹೆಚ್ಚು ಕಟ್ಟುತ್ತದೆ. ಅದು ಓಟದ ಖರ್ಚಲ್ಲ, ಸೆಕೆಯ ಲೆಕ್ಕ. ಬೆವರಿಳಿಸಲೆಂದು ರೆಕ್ಸಿನ್ ಜಾಕೆಟ್ ತೊಟ್ಟು ಓಡುವವರನ್ನು ನೋಡಿದ್ದೇನೆ. ಅವರು ಕಳೆದುಕೊಳ್ಳುವುದು ನೀರನ್ನು, ಎರಡು ಎಳನೀರು ಕುಡಿದರೆ ಆ ತೂಕ ವಾಪಸು ಬರುತ್ತದೆ. ಸಭೆಯಲ್ಲಿರುವ ಹಿರಿಯರಿಗೆ ಒಂದು ಮಾತು: ರಕ್ತದೊತ್ತಡಕ್ಕೆಂದು ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಏರುವುದೇ ಕಡಿಮೆ, ಅವರ ಗಡಿಯಾರ ತದ್ವಿರುದ್ಧ ದಿಕ್ಕಿನಲ್ಲಿ ತಪ್ಪುತ್ತದೆ.

ಓಟಕ್ಕೆ ನಾನು ನಂಬುವುದು ದೂರವನ್ನು. ಸಮತಟ್ಟಿನಲ್ಲಿ ಒಂದು ಕಿಲೊಮೀಟರ್ ಓಡಲು ದೇಹತೂಕದ ಪ್ರತಿ ಕಿಲೊಗೆ ಸುಮಾರು ಒಂದು ಕ್ಯಾಲೊರಿ ಬೇಕು, ವೇಗ ಯಾವುದಾದರೂ ಸರಿ. ನಮ್ಮವನ 2 ಕಿಲೊಮೀಟರಿಗೆ 140. ಮೆಟ್ ಪಟ್ಟಿಯ 145ಕ್ಕೆ ಹತ್ತಿರವೇ ಬಂತು. ಆದರೆ ಟ್ಯಾಗೋರ್ ಕಡಲತೀರದಲ್ಲಿ ಓಡುವವರು ಎಲ್ಲಿ ಓಡಿದಿರೆಂದೂ ಬರೆದುಕೊಳ್ಳಬೇಕು. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದಂತೆ, ಸಡಿಲ ಮರಳಿನಲ್ಲಿ ಓಡುವುದಕ್ಕೆ ಗಟ್ಟಿ ನೆಲದ 1.6 ಪಟ್ಟು, ನಡೆಯುವುದಕ್ಕೆ 2.1ರಿಂದ 2.7 ಪಟ್ಟು ಶಕ್ತಿ ಬೇಕು. ಅಲೆ ಬಂದು ಹೋದ ಒದ್ದೆ ಮರಳು ರಸ್ತೆಯ ಹತ್ತಿರಕ್ಕೆ ಬರುತ್ತದೆ. ಗಾಳಿಮರಗಳ ಬದಿಯ ಒಣ ಮರಳಿನಲ್ಲಿ ಅದೇ 2 ಕಿಲೊಮೀಟರಿಗೆ 224 ಆಗುತ್ತದೆ. ಟ್ರೆಡ್‌ಮಿಲ್‌ನವರು ಏರನ್ನು ಬರೆದುಕೊಳ್ಳಲಿ: ಪಟ್ಟಿಯ ಬದಲು ನಡಿಗೆಯ ಸೂತ್ರದಿಂದ ಲೆಕ್ಕ ಹಾಕಿದರೆ, ಗಂಟೆಗೆ 5 ಕಿಲೊಮೀಟರ್ ನಡಿಗೆ ಸಮತಟ್ಟಿನಲ್ಲಿ 3.4 ಮೆಟ್, ಶೇಕಡಾ 5ರ ಏರಿನಲ್ಲಿ 5.5. ಅಕ್ಕಪಕ್ಕದ ಸರಳಿಗೆ ಜೋತುಬಿದ್ದು ನಡೆದರೆ ಈ ಹೆಚ್ಚಳ ನಿಮ್ಮದಲ್ಲ.

ವ್ಯಾಯಾಮ ಮುಗಿದ ಮೇಲೂ ದೇಹ ಉರಿಯುತ್ತಲೇ ಇರುತ್ತದೆ ಎಂಬ ಜಾಹೀರಾತಿನ ಮಾತಿದೆ. ಸುಳ್ಳಲ್ಲ, ಆದರೆ ಸಣ್ಣದು. ಆ ಹೆಚ್ಚುವರಿ ಸಾಮಾನ್ಯವಾಗಿ ವ್ಯಾಯಾಮದ ಖರ್ಚಿನ ಶೇಕಡಾ 6ರಿಂದ 15. ನಮ್ಮ 255ಕ್ಕೆ ಹೆಚ್ಚೆಂದರೆ 38. ನಾನು ಅದನ್ನು ಬರೆಯುವುದೇ ಇಲ್ಲ.

ಇನ್ನು ದಾಖಲೆಯ ಪುಸ್ತಕ. ಎರಡು ಸಲ ಎಣಿಸುವ ತಪ್ಪು ಇಲ್ಲಿ ಎಷ್ಟು ಸುಲಭ ಎಂಬುದಕ್ಕೆ ಒಂದು ಉದಾಹರಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಲ್ಲಿ 65 ಕಿಲೊ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 2,110, ಮಧ್ಯಮ ಶ್ರಮದ ಕೆಲಸವಾದರೆ 2,710 ಕ್ಯಾಲೊರಿ ಎಂದಿದೆ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನು ತಾನು ದಿನವೂ ಜಿಮ್‌ಗೆ ಹೋಗುತ್ತೇನೆಂದು ಆ್ಯಪ್‌ನಲ್ಲಿ ‘ಮಧ್ಯಮ’ ಎಂದು ಒತ್ತಿದರೆ ಅಲ್ಲೇ 600 ಸೇರಿತು. ಸಂಜೆ ವ್ಯಾಯಾಮವನ್ನು ಕೈಯಾರೆ ಬರೆದರೆ ಇನ್ನೊಂದು 255. ಗಡಿಯಾರವೂ ಅದೇ ಆ್ಯಪ್‌ಗೆ ಜೋಡಣೆಯಾಗಿದ್ದರೆ ಅದೇ ಗಂಟೆ ಮೂರನೆಯ ಸಲ ಸೇರುತ್ತದೆ, ಹೆಜ್ಜೆಗಳ ರೂಪದಲ್ಲಿ ಕೆಲವೊಮ್ಮೆ ನಾಲ್ಕನೆಯ ಸಲವೂ. ಆದ್ದರಿಂದ ಕೆಲಸದ ಶ್ರಮವನ್ನು ವ್ಯಾಯಾಮ ಬಿಟ್ಟು ನಮೂದಿಸಿ, ವ್ಯಾಯಾಮವನ್ನು ಒಂದೇ ಕಡೆಯಿಂದ ಒಳಬಿಡಿ. ಗಡಿಯಾರವನ್ನೇ ಬಳಸುವುದಾದರೆ ಬಲವರ್ಧನೆ ಶುರುವಾದಾಗ ಆ ಹೆಸರಿನ ಕ್ರಮವನ್ನೂ, ಓಟಕ್ಕೆ ಹೋದಾಗ ಅದನ್ನು ಮುಗಿಸಿ ಓಟದ ಕ್ರಮವನ್ನೂ ಒತ್ತಿ.

ನನ್ನದು ಇನ್ನೂ ನೂರು ಪುಟದ ನೋಟ್ ಪುಸ್ತಕವೇ. ಒಂದು ದಿನಕ್ಕೆ ಮೂರು ಸಾಲು. ಮೊದಲ ಸಾಲಿನಲ್ಲಿ ದಮ್ಮಿನ ಭಾಗ: ನಿಮಿಷ, ದೂರ, ನೆಲ ಎಂಥದು, ಸೆಕೆ ಹೇಗಿತ್ತು. ಎರಡನೆಯದರಲ್ಲಿ ಕಸುವಿನ ಭಾಗ: ಸ್ಕ್ವಾಟ್ 60 ಕಿಲೊ, 4 ಸೆಟ್, 10 ಬಾರಿ, ಹೀಗೆ, ಜೊತೆಗೆ ಬಿಡುವೂ ಸೇರಿ ಒಟ್ಟು ನಿಮಿಷ. ಬಿಡುವನ್ನು ಸೇರಿಸಲೇಬೇಕು, ಏಕೆಂದರೆ ಸೆಟ್‌ನಲ್ಲಿ ಮಾಡಿದ ಆಮ್ಲಜನಕದ ಸಾಲವನ್ನು ದೇಹ ತೀರಿಸುವುದು ಬಿಡುವಿನಲ್ಲಿಯೇ, ಪಟ್ಟಿಯ 3.5 ಕೂಡ ಬಿಡುವು ಸೇರಿದ ಅಂಕಿಯೇ. ಆದರೆ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಮೊಬೈಲ್ ನೋಡಿದ್ದು ಬಿಡುವಲ್ಲ, ಅದನ್ನು ಕಳೆಯಬೇಕು. ಮೂರನೆಯ ಸಾಲಿನಲ್ಲಿ ಶ್ರಮ ಸೊನ್ನೆಯಿಂದ ಹತ್ತರೊಳಗೆ ಎಷ್ಟೆನಿಸಿತು ಎಂಬ ಅಂಕಿ. ಇದು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಹಾಕಿಕೊಟ್ಟ ದಾರಿ. ಅಮೆರಿಕದ ಕಾರ್ಲ್ ಫಾಸ್ಟರ್ ಆ ಅಂಕಿಯನ್ನು ನಿಮಿಷಗಳಿಂದ ಗುಣಿಸುವುದನ್ನು ರೂಢಿಗೆ ತಂದರು. 60 ನಿಮಿಷ, ಶ್ರಮ 6 ಎಂದರೆ 360. ಅದು ಕ್ಯಾಲೊರಿಯಲ್ಲ, ಆದರೆ ಕಸುವನ್ನೂ ದಮ್ಮನ್ನೂ ಪಕ್ಷಪಾತವಿಲ್ಲದೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಕ್ಯಾಲೊರಿಯನ್ನು ನಾನು ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಹತ್ತರ ಗುಣಕಕ್ಕೆ ಸರಿಮಾಡಿ ಬರೆಯುತ್ತೇನೆ. 255 ಅಲ್ಲ, 250. ಸೂತ್ರ ಬದಲಾದರೆ ಅಂಚಿನ ಅಂಕಿಯನ್ನು ಅಳಿಸಿ ಮತ್ತೆ ಹಾಕಬಹುದು. ನಿಮಿಷ, ಕಿಲೊ, ಕಿಲೊಮೀಟರ್ ಬರೆದಿಡದಿದ್ದರೆ ಅದೂ ಆಗದು.

ಈ ಅಂದಾಜು ಸರಿಯೇ ಎಂದು ತಿಳಿಯಲು ತೂಕದ ಯಂತ್ರವೊಂದಿದೆ, ಆದರೆ ಅದು ಒಂದು ದಿನದಲ್ಲಿ ಉತ್ತರ ಹೇಳುವುದಿಲ್ಲ. ನಾಲ್ಕು ವಾರ ತಿಂದದ್ದನ್ನು ಪ್ರಾಮಾಣಿಕವಾಗಿ ಬರೆಯಿರಿ, ಹೊಯ್ದ ಎಣ್ಣೆಯನ್ನೂ ಬಿಡದೆ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿಯೇ 120 ಕ್ಯಾಲೊರಿ ಇದೆ, ಹುರಿದ ಬಂಗುಡೆಯ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಅದನ್ನೇ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ, ವಾರದ ಸರಾಸರಿ ತೆಗೆಯಿರಿ. ದಿನಕ್ಕೆ ಸರಾಸರಿ 2,200 ತಿಂದು, ನಾಲ್ಕು ವಾರದಲ್ಲಿ 400 ಗ್ರಾಂ ಇಳಿದರೆ, ಒಂದು ಕಿಲೊ ಕೊಬ್ಬಿಗೆ 7,700 ಎಂಬ ರೂಢಿಯ ಲೆಕ್ಕದಲ್ಲಿ ದಿನಕ್ಕೆ 110 ಕೊರತೆ. ನಿಮ್ಮ ನಿಜವಾದ ಖರ್ಚು 2,310ರ ಸುತ್ತಮುತ್ತ. ಪುಸ್ತಕದ ಅಂದಾಜು 2,500 ಎನ್ನುತ್ತಿದ್ದರೆ ಪುಸ್ತಕವನ್ನು ತಿದ್ದಬೇಕು, ದೇಹವನ್ನಲ್ಲ. ವ್ಯಾಯಾಮದ ಖರ್ಚೆಲ್ಲವೂ ದಿನದ ಮೊತ್ತಕ್ಕೆ ಪೂರ್ತಿಯಾಗಿ ಸೇರುತ್ತದೆ ಎಂದೂ ಹೇಳಲಾಗದು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಟಾಂಜಾನಿಯದ ಬೇಟೆಗಾರ ಹಾಡ್ಜಾ ಜನರನ್ನು ಅಳೆದು 2012ರಲ್ಲಿ ಪ್ರಕಟಿಸಿದಂತೆ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ದಿನವಿಡೀ ಅಲೆಯುವ ಅವರ ಒಟ್ಟು ಖರ್ಚು ಪಾಶ್ಚಾತ್ಯ ನಗರವಾಸಿಗಳದ್ದಕ್ಕಿಂತ ಬೇರೆಯಾಗಿರಲಿಲ್ಲ. ಇದರ ಅರ್ಥವೇನೆಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಇನ್ನೂ ನಡೆದಿದೆ. ನಾನಂತೂ ವ್ಯಾಯಾಮದ ನಿವ್ವಳ ಅಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿಂದು ತುಂಬಿಸಿಕೊಳ್ಳಲು ಹೋಗುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ಮೀನುಗಾರರೊಬ್ಬರು ಎದ್ದು ನಿಂತು, “ಸರ್, ನಮಗೆ ಜಿಮ್ಮೂ ಇಲ್ಲ, ಗಡಿಯಾರವೂ ಇಲ್ಲ. ರಂಪಣಿ ಬಲೆ ಎಳೆದ ದಿನ ಎಷ್ಟು ಬರೆಯಬೇಕು?” ಎಂದು ಕೇಳಿದರು. ಎಷ್ಟು ಹೊತ್ತು ದಡದಲ್ಲಿದ್ದಿರೆಂದು ಕೇಳಿದೆ. ಎರಡೂವರೆ ಗಂಟೆ ಎಂದರು. ಅದರಲ್ಲಿ ಹಗ್ಗ ಹಿಡಿದು ಎಳೆದದ್ದು ಎಷ್ಟು ಎಂದಾಗ ಕೊಂಚ ಯೋಚಿಸಿ, ಬಿಟ್ಟು ಬಿಟ್ಟು ಎಳೆದದ್ದನ್ನು ಕೂಡಿಸಿದರೆ ಐವತ್ತು ನಿಮಿಷ, ದೋಣಿ ಸುತ್ತು ಹಾಕಿ ಬರುವ ತನಕ ನಿಂತದ್ದು ನಲವತ್ತು, ಮೀನು ಆರಿಸಿ ಬುಟ್ಟಿಗೆ ತುಂಬಿದ್ದು ಒಂದು ಗಂಟೆ ಎಂದರು. ಅವರ ತೂಕ 60 ಕಿಲೊ. ಎಳೆತಕ್ಕೆ 6 ಮೆಟ್ ಹಿಡಿದು 300, ನಿಂತದ್ದಕ್ಕೆ ಒಂದೂವರೆಯಂತೆ 60, ಆರಿಸಿದ್ದಕ್ಕೆ ಎರಡೂವರೆಯಂತೆ 150, ಒಟ್ಟು 510. ಎರಡೂವರೆ ಗಂಟೆಯ ವಿಶ್ರಾಂತಿಯ 150 ಕಳೆದರೆ ನಿವ್ವಳ 360 ಎಂದು ಹಲಗೆಯ ಮೇಲೆ ಬರೆದೆ. ಅವರು ಅಂಕಿಯನ್ನು ನೋಡಿ, “ಹಗ್ಗದ ತುದಿಯಲ್ಲಿ ಬರೀ ಕೈಯಿಟ್ಟು ನಿಲ್ಲುವವರೂ ಇರುತ್ತಾರೆ, ಅವರಿಗೂ ಇಷ್ಟೇಯೋ?” ಎಂದರು. ಎಳೆತದ ಐವತ್ತು ನಿಮಿಷವನ್ನು ನಿಂತದ್ದರ ಲೆಕ್ಕಕ್ಕೆ ಸೇರಿಸಿ ಒಂದೂವರೆಯಿಂದಲೇ ಗುಣಿಸಿದೆ. 300 ಇದ್ದಲ್ಲಿ 75 ಬಂತು.